ಸೊಂಟನೋವು: ಮಾತ್ರೆ, ಸ್ಕ್ಯಾನ್, ವ್ಯಾಯಾಮ, ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದು, ಯಾವಾಗ?

ಸೊಂಟ ಹಿಡಿದುಕೊಂಡವರು ಒಂದೇ ವಾರದಲ್ಲಿ ಮೂವರು ವೈದ್ಯರನ್ನು ಕಂಡರೆ ಮೂರು ಬಗೆಯ ಚೀಟಿ ಕೈಗೆ ಬರುವುದು ಅಪರೂಪವೇನಲ್ಲ. ಒಬ್ಬರು ನೋವಿನ ಮಾತ್ರೆ ಬರೆದು ವಾರ ಬಿಟ್ಟು ಬನ್ನಿ ಎನ್ನುತ್ತಾರೆ. ಇನ್ನೊಬ್ಬರು ಎಂಆರ್‌ಐ ಮಾಡಿಸಿಕೊಂಡು ಬರಲು ಹೇಳುತ್ತಾರೆ. ಮೂರನೆಯವರು ಏನನ್ನೂ ಬರೆಯದೆ, ನಡೆದಾಡುತ್ತಾ ಇರಿ ಎಂದು ಕಳುಹಿಸಿಬಿಡುತ್ತಾರೆ. ರೋಗಿಗೆ ತನ್ನನ್ನು ಸರಿಯಾಗಿ ನೋಡಲೇ ಇಲ್ಲ ಎಂಬ ಅಸಮಾಧಾನ. ಇವರಲ್ಲಿ ಯಾರು ಸರಿ ಎಂದು ಕೇಳಿದರೆ, ಮೂವರೂ ಸರಿಯಿರಬಹುದು, ಮೂವರೂ ತಪ್ಪಿರಬಹುದು. ನೋವು ಶುರುವಾಗಿ ಎಷ್ಟು ವಾರವಾಯಿತು, ಅದು ಸೊಂಟದಲ್ಲೇ ನಿಂತಿದೆಯೋ ಕಾಲಿಗೆ ಇಳಿದಿದೆಯೋ, ಜೊತೆಗೆ ಬೇರೆ ಲಕ್ಷಣಗಳಿವೆಯೋ ಎಂಬುದನ್ನು ಬಿಟ್ಟು ಚಿಕಿತ್ಸೆಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಮೂರನೆಯ ದಿನ ಅನಗತ್ಯವಾದ ಸ್ಕ್ಯಾನ್ ಎಂಟನೆಯ ವಾರದಲ್ಲಿ ಅಗತ್ಯವಾಗಬಹುದು. ಮೊದಲ ವಾರದಲ್ಲಿ ಉಪಕಾರ ಮಾಡಿದ ಮಾತ್ರೆ ಆರನೆಯ ತಿಂಗಳಲ್ಲಿ ಹೊಟ್ಟೆ ಕೆಡಿಸುವುದಷ್ಟೇ ಆಗಬಹುದು.

2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು ಎಂಬುದು ಅಂದಾಜು. ಮನುಷ್ಯರನ್ನು ಕೆಲಸಕ್ಕೆ ಬಾರದಂತೆ ಮಾಡುವ ಕಾರಣಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಆದ್ದರಿಂದ ಇದರ ಬಗ್ಗೆ ಪ್ರಯೋಗಗಳಿಗೇನೂ ಕೊರತೆಯಿಲ್ಲ. ಅವುಗಳ ಫಲಿತಾಂಶ ರೋಗಿಯ ಕಿವಿಗೆ ತಲುಪುವುದು ಮಾತ್ರ ಕಡಿಮೆ.

ಎಲ್ಲಕ್ಕೂ ಮೊದಲು: ಯಾವ ಬಗೆಯ ನೋವು?

ವೈದ್ಯರು ಸೊಂಟನೋವಿನವರನ್ನು ಮನಸ್ಸಿನಲ್ಲೇ ಮೂರು ಗುಂಪಾಗಿ ವಿಂಗಡಿಸುತ್ತಾರೆ. ನೂರರಲ್ಲಿ ಸುಮಾರು 85ರಿಂದ 90 ಮಂದಿಯದು ನಿರ್ದಿಷ್ಟ ಕಾರಣವನ್ನು ಬೆರಳಿಟ್ಟು ತೋರಿಸಲಾಗದ ನೋವು. ಸ್ನಾಯುವೋ, ಕೀಲೋ, ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕೋ, ಅಸ್ಥಿರಜ್ಜುವೋ ಎಂದು ಯಾವ ಪರೀಕ್ಷೆಯೂ ಖಚಿತವಾಗಿ ಹೇಳುವುದಿಲ್ಲ. ಇದನ್ನು ಕೇಳಿ ವೈದ್ಯರಿಗೇ ತಿಳಿಯಲಿಲ್ಲ ಎಂದುಕೊಳ್ಳುವವರು ಬಹಳ. ಆದರೆ ಈ ಗುಂಪಿಗೆ ಸೇರಿದ್ದೀರಿ ಎಂದರೆ ಅಪಾಯದ ಕಾಯಿಲೆಯ ಸುಳಿವಿಲ್ಲ, ನೋವು ತಾನಾಗಿ ಇಳಿಯುವ ಸಂಭವವೇ ಹೆಚ್ಚು ಎಂದರ್ಥ.

ಎರಡನೆಯ ಗುಂಪಿನಲ್ಲಿ ನರದ ಬೇರು ಒತ್ತಿಹೋಗಿರುತ್ತದೆ. ನೋವು ಪೃಷ್ಠದಿಂದ ಮೊಣಕಾಲು ದಾಟಿ ಪಾದದವರೆಗೆ ಸೆಳೆಯುತ್ತದೆ, ಜೋಮು ಹಿಡಿಯುತ್ತದೆ. ಸೊಂಟಕ್ಕಿಂತ ಕಾಲೇ ಹೆಚ್ಚು ನೋಯುತ್ತದೆ. ಇದೇ ಸಯಾಟಿಕಾ. ವಯಸ್ಸಾದವರಲ್ಲಿ ಬೆನ್ನುಹುರಿಯ ಕಾಲುವೆ ಕಿರಿದಾಗಿದ್ದರೆ ನಡೆದಾಗ ಕಾಲು ಭಾರವಾಗಿ, ಮುಂದಕ್ಕೆ ಬಾಗಿದರೆ ಅಥವಾ ಕುಳಿತರೆ ಹಗುರಾಗುತ್ತದೆ.

ಮೂರನೆಯದು ಚಿಕ್ಕ ಗುಂಪು, ಆದರೆ ತಪ್ಪಿಸಿಕೊಳ್ಳಬಾರದ ಗುಂಪು: ಸೋಂಕು, ಕ್ಯಾನ್ಸರ್, ಮೂಳೆ ಮುರಿತ, ಉರಿಯೂತದ ಸಂಧಿವಾತ. ಹಿಂದೆ ಕ್ಯಾನ್ಸರ್ ಆಗಿದ್ದುದು, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ಬಿದ್ದ ಪೆಟ್ಟು, ದೀರ್ಘಕಾಲ ಸ್ಟೀರಾಯ್ಡ್ ಸೇವನೆ ಇವುಗಳಲ್ಲಿ ಒಂದಿದ್ದರೂ ವೈದ್ಯರು ಕೇಳುವವರೆಗೆ ಕಾಯದೆ ನೀವೇ ಹೇಳಬೇಕು. ತೊಡೆಯ ಸಂದಿನಲ್ಲಿ, ಗುದದ್ವಾರದ ಸುತ್ತ ಸ್ಪರ್ಶ ತಿಳಿಯದಂತಾದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಎರಡೂ ಕಾಲು ಸೋಲತೊಡಗಿದರೆ ಕುಟುಂಬ ವೈದ್ಯರಿಗಾಗಿ ಬೆಳಗಿನವರೆಗೆ ಕಾಯುವುದೂ ತಪ್ಪು. ಅದು ಅದೇ ಗಳಿಗೆಯಲ್ಲಿ ತುರ್ತು ವಿಭಾಗಕ್ಕೆ ಹೋಗಬೇಕಾದ ಸ್ಥಿತಿ. ಇನ್ನು 45 ವರ್ಷದೊಳಗೆ ಶುರುವಾಗಿ ಮೂರು ತಿಂಗಳು ದಾಟಿದ, ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಬಿಗಿತ ತರುವ, ವಿಶ್ರಾಂತಿಯಿಂದ ಹೆಚ್ಚಿ ಓಡಾಟದಿಂದ ಇಳಿಯುವ ನೋವು ಬೇರೆಯದೇ ಕಥೆ. ಅದು ಬೆನ್ನೆಲುಬಿನ ಉರಿಯೂತದ ಸಂಧಿವಾತವಿರಬಹುದು. ಇದನ್ನು ವರ್ಷಗಟ್ಟಲೆ ಸಾಮಾನ್ಯ ಸೊಂಟನೋವೆಂದೇ ತಳ್ಳಿಹಾಕುವುದು ದುರದೃಷ್ಟವಶಾತ್ ಹೊಸದಲ್ಲ.

ಈ ವಿಂಗಡಣೆಗೆ ಯಂತ್ರ ಬೇಡ. ಮಲಗಿಸಿ ಕಾಲನ್ನು ನೇರವಾಗಿ ಎತ್ತಿ ನೋಡುವುದು, ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಒತ್ತಲು ಹೇಳುವುದು, ಹಿಮ್ಮಡಿಯ ಮೇಲೂ ಕಾಲ್ಬೆರಳ ಮೇಲೂ ನಡೆಸುವುದು, ಮೊಣಕಾಲು ಮತ್ತು ಹಿಮ್ಮಡಿಯಲ್ಲಿ ಸುತ್ತಿಗೆಯಿಂದ ತಟ್ಟಿ ನೋಡುವುದು ಕೆಲವು ನಿಮಿಷಗಳ ಕೆಲಸ. ಇಷ್ಟು ಮಾಡಿ ಸ್ಕ್ಯಾನ್ ಬೇಡವೆಂದ ವೈದ್ಯರನ್ನು ನಾನು ನಂಬುತ್ತೇನೆ. ಕುರ್ಚಿಯಿಂದ ಏಳದೆ ಸ್ಕ್ಯಾನ್ ಬರೆದವರನ್ನು ಅಷ್ಟಾಗಿ ಅಲ್ಲ.

ಮೊದಲ ಕೆಲವು ವಾರ: ಮಲಗುವುದೋ, ಓಡಾಡುವುದೋ?

ಇಲ್ಲಿ ಸ್ಪರ್ಧೆಯೇ ಇಲ್ಲ. 1986ರಲ್ಲಿ ಅಮೆರಿಕದಲ್ಲಿ ಎರಡು ದಿನದ ವಿಶ್ರಾಂತಿಯನ್ನು ಏಳು ದಿನದ ವಿಶ್ರಾಂತಿಗೆ ಹೋಲಿಸಿ ನೋಡಿದರು. ಏಳು ದಿನ ಮಲಗಲು ಹೇಳಿಸಿಕೊಂಡವರು ಹೆಚ್ಚು ದಿನ ಕೆಲಸ ತಪ್ಪಿಸಿಕೊಂಡರು, ಬೇರೆ ಲಾಭವೇನೂ ಕಾಣಲಿಲ್ಲ. 1995ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂದು ಗುಂಪಿಗೆ ಎರಡು ದಿನ ವಿಶ್ರಾಂತಿ, ಒಂದಕ್ಕೆ ಬೆನ್ನಿನ ವ್ಯಾಯಾಮ, ಮತ್ತೊಂದಕ್ಕೆ ನೋವು ಬಿಟ್ಟಷ್ಟು ಮಟ್ಟಿಗೆ ದಿನನಿತ್ಯದ ಕೆಲಸ. ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಮೂರನೆಯ ಗುಂಪಿನವರು. ತಾಜಾ ನೋವಿನಲ್ಲಿ ವಿಶೇಷ ವ್ಯಾಯಾಮವೂ ಸಾಮಾನ್ಯ ಓಡಾಟವನ್ನು ಮೀರಿಸಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಮೊದಲ ವಾರದಲ್ಲೇ ಹತ್ತು ಬಗೆಯ ವ್ಯಾಯಾಮದ ಹಾಳೆ ಹಿಡಿದು ಒದ್ದಾಡುವ ಅಗತ್ಯವಿಲ್ಲ.

ಏಳಲಾರದಷ್ಟು ನೋವಿದ್ದರೆ ಒಂದೆರಡು ದಿನ ಮಲಗಿದರೆ ಪಾಪವೇನೂ ಇಲ್ಲ. ಅದನ್ನು ಚಿಕಿತ್ಸೆ ಎಂದು ಕರೆಯದಿದ್ದರೆ ಸಾಕು.

ಶಾಖ ಕೊಡುವುದು ಈ ಹಂತದಲ್ಲಿ ಅಗ್ಗದ, ನಿರಪಾಯವಾದ ಆಯ್ಕೆ. ಅಮೆರಿಕದ ವೈದ್ಯರ ಕಾಲೇಜು ಎಂಬ ವೈದ್ಯರ ಸಂಘ 2017ರ ತನ್ನ ಮಾರ್ಗಸೂಚಿಯಲ್ಲಿ ತಾಜಾ ನೋವಿಗೆ ಔಷಧಕ್ಕಿಂತ ಮೊದಲು ಹೆಸರಿಸಿದ್ದು ಮೇಲ್ಮೈ ಶಾಖ, ಮಸಾಜ್, ಅಕ್ಯುಪಂಕ್ಚರ್ ಮತ್ತು ಕೈಯಿಂದ ಒತ್ತಿ ಕೀಲು ಸಡಿಲಿಸುವ ಬೆನ್ನಿನ ಹಸ್ತ ಚಿಕಿತ್ಸೆಗಳನ್ನು. ಇವುಗಳಲ್ಲಿ ಶಾಖದ ಪುರಾವೆಯೇ ಉಳಿದವುಗಳಿಗಿಂತ ಗಟ್ಟಿ. ತಂಪು ಪಟ್ಟಿಯ ಬಗ್ಗೆ ಅಂತಹ ಪುರಾವೆಯಿಲ್ಲ, ಹಿತವೆನಿಸಿದರೆ ಇಟ್ಟುಕೊಳ್ಳಿ.

ಮಾತ್ರೆಗಳ ನಡುವೆ ಹೋಲಿಕೆ

ಪ್ಯಾರಾಸಿಟಮಾಲ್ ಎಲ್ಲರ ಮೊದಲ ಆಯ್ಕೆಯಾಗಿತ್ತು. 2014ರಲ್ಲಿ ಆಸ್ಟ್ರೇಲಿಯಾದಲ್ಲಿ 1,652 ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದರು. ನಿಗದಿತ ಹೊತ್ತಿಗೆ ತಪ್ಪದೆ ನುಂಗಿದವರು ಸರಾಸರಿ 17 ದಿನಗಳಲ್ಲಿ ಗುಣವಾದರು, ಬೇಕೆನಿಸಿದಾಗ ನುಂಗಿದವರೂ 17 ದಿನಗಳಲ್ಲಿ. ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದವರು? 16 ದಿನಗಳಲ್ಲಿ. ಸೊಂಟನೋವಿಗೆ ಪ್ಯಾರಾಸಿಟಮಾಲ್ ಒಂದನ್ನೇ ಕೊಡಬೇಡಿ ಎಂದು ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಹೇಳಿದ್ದು ಇಂತಹ ಪುರಾವೆಯ ಮೇಲೆಯೇ. ಈ ಪ್ರಯೋಗದಿಂದ ಇನ್ನೂ ಒಂದು ಮಾತು ಹೊರಡುತ್ತದೆ: ಮೂರೂ ಗುಂಪಿನವರಿಗೆ ವೈದ್ಯರು ಧೈರ್ಯ ಹೇಳಿ ಸಲಹೆ ಕೊಟ್ಟಿದ್ದರು, ಮೂರೂ ಗುಂಪಿನವರು ಎರಡೂವರೆ ವಾರದೊಳಗೆ ಬಹುಮಟ್ಟಿಗೆ ಎದ್ದು ಓಡಾಡುತ್ತಿದ್ದರು.

ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಡೈಕ್ಲೊಫಿನ್ಯಾಕ್‌ನಂತಹ ಉರಿಯೂತ ನಿರೋಧಕಗಳು ಹುಸಿ ಮಾತ್ರೆಗಿಂತ ಸ್ವಲ್ಪ ಮೇಲು. ಸ್ವಲ್ಪ ಎಂಬುದನ್ನು ಒತ್ತಿ ಹೇಳಬೇಕು. ಪ್ರಯೋಜನ ಸಣ್ಣದು, ಹೊಟ್ಟೆಯ ಹುಣ್ಣು, ಮೂತ್ರಪಿಂಡ, ಹೃದಯ, ರಕ್ತದೊತ್ತಡ ಇವುಗಳ ಮೇಲಿನ ಅಪಾಯ ಮಾತ್ರ ನಿಜವಾದದ್ದು. ಆರೋಗ್ಯವಂತ ಯುವಕನಿಗೆ ಕೆಲವು ದಿನ ಕಡಿಮೆ ಪ್ರಮಾಣದಲ್ಲಿ ಕೊಡುವುದು ಸಮಂಜಸ. ಮೂತ್ರಪಿಂಡದ ತೊಂದರೆಯಿರುವ, ರಕ್ತ ತೆಳುವಾಗಿಸುವ ಔಷಧ ಸೇವಿಸುವ ಹಿರಿಯರಿಗೆ ಅದೇ ಮಾತ್ರೆ ಸೊಂಟನೋವಿಗಿಂತ ದೊಡ್ಡ ಕಷ್ಟ ತರಬಹುದು. ಗರ್ಭಿಣಿಯರು ತಾವಾಗಿ ನುಂಗಲೇಬಾರದು. ಚುಚ್ಚುಮದ್ದಿನ ರೂಪದಲ್ಲಿ ತೆಗೆದುಕೊಂಡರೆ ಹೊಟ್ಟೆಗೆ ತೊಂದರೆಯಿಲ್ಲ ಎಂಬ ನಂಬಿಕೆ ಬಲವಾಗಿದೆ. ಔಷಧ ರಕ್ತದ ಮೂಲಕವೇ ಹೊಟ್ಟೆಯ ಒಳಪೊರೆಯನ್ನು ದುರ್ಬಲಗೊಳಿಸುವುದರಿಂದ ಆ ನಂಬಿಕೆಗೆ ಆಧಾರವಿಲ್ಲ.

ಸ್ನಾಯು ಸಡಿಲಿಸುವ ಮಾತ್ರೆಗಳನ್ನು ಉರಿಯೂತ ನಿರೋಧಕದ ಜೊತೆ ಸೇರಿಸಿ ಬರೆಯುವುದು ಬಹಳ ಸಾಮಾನ್ಯ. 2015ರಲ್ಲಿ ತುರ್ತು ವಿಭಾಗಕ್ಕೆ ಬಂದ 323 ರೋಗಿಗಳಲ್ಲಿ ನ್ಯಾಪ್ರಾಕ್ಸೆನ್ ಜೊತೆಗೆ ಸ್ನಾಯು ಸಡಿಲಿಸುವ ಸೈಕ್ಲೊಬೆಂಜಪ್ರೀನ್ ಅಥವಾ ಅಫೀಮು ವರ್ಗದ ನೋವುನಿವಾರಕವಾದ ಓಪಿಯಾಯ್ಡ್ ಸೇರಿಸಿ ನೋಡಿದಾಗ ವಾರದ ನಂತರ ನ್ಯಾಪ್ರಾಕ್ಸೆನ್ ಒಂದೇ ಪಡೆದವರಿಗಿಂತ ಯಾರೂ ಮುಂದಿರಲಿಲ್ಲ. ತೂಕಡಿಕೆ ಮಾತ್ರ ಉಚಿತ. ನಿದ್ದೆಯೇ ಬಾರದವರಿಗೆ ಎರಡು ಮೂರು ರಾತ್ರಿ ಇದರಿಂದ ಉಪಯೋಗವಾಗಬಹುದು. ವಾಹನ ಓಡಿಸುವವರು ದೂರವಿರಲಿ.

ಓಪಿಯಾಯ್ಡ್‌ಗಳ ಪ್ರಶ್ನೆಯೂ ಈಗ ಬಹುಮಟ್ಟಿಗೆ ಇತ್ಯರ್ಥವಾಗಿದೆ. 2023ರಲ್ಲಿ ಆಸ್ಟ್ರೇಲಿಯಾದ 347 ರೋಗಿಗಳ ಪ್ರಯೋಗದಲ್ಲಿ ತಾಜಾ ಸೊಂಟ ಮತ್ತು ಕತ್ತು ನೋವಿಗೆ ಕೊಟ್ಟ ಓಪಿಯಾಯ್ಡ್ ಆರು ವಾರಗಳ ಹೊತ್ತಿಗೆ ಹುಸಿ ಮಾತ್ರೆಗಿಂತ ಉತ್ತಮವಾಗಿರಲಿಲ್ಲ. ನೋವು ಬಲವಾಗಿದ್ದರೆ ಮಾತ್ರೆಯೂ ಬಲವಾಗಿರಬೇಕು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಸ್ಕ್ಯಾನ್ ಈಗಲೋ, ಆಮೇಲೋ?

ರೋಗಿ ಮತ್ತು ವೈದ್ಯರ ನಡುವೆ ಹೆಚ್ಚು ಜಗ್ಗಾಟ ನಡೆಯುವುದು ಇಲ್ಲಿಯೇ. ಒಳಗೆ ಏನಾಗಿದೆ ಎಂದು ನೋಡಿಬಿಟ್ಟರೆ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಸಹಜ. ತೊಂದರೆಯೆಂದರೆ, ನೋಡಿದರೆ ಏನಾದರೂ ಕಂಡೇ ಕಾಣುತ್ತದೆ. 1994ರಲ್ಲಿ ಸೊಂಟನೋವೇ ಇಲ್ಲದ 98 ಮಂದಿಯ ಎಂಆರ್‌ಐ ತೆಗೆದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು, ಕಾಲುಭಾಗಕ್ಕೂ ಹೆಚ್ಚು ಜನರಲ್ಲಿ ಚಾಚಿಕೊಂಡಿತ್ತು. ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದವರು ನೂರಕ್ಕೆ 36 ಮಂದಿ ಮಾತ್ರ. ಇಂತಹ ಹಲವು ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿದಾಗ, ನೋವಿಲ್ಲದ 20ರ ಹರೆಯದವರಲ್ಲೂ ನೂರಕ್ಕೆ 37 ಮಂದಿಯಲ್ಲಿ ಡಿಸ್ಕ್ ಸವೆತ ಕಂಡಿತು. 80 ವರ್ಷದವರಲ್ಲಿ 96 ಮಂದಿಯಲ್ಲಿ.

ಹಾಗಾಗಿ ವರದಿಯಲ್ಲಿ ಡಿಸ್ಕ್ ಉಬ್ಬಿದೆ ಎಂದು ಓದಿದ ದಿನದಿಂದ ಬಗ್ಗಲು ಹೆದರುವ, ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಡುವ ಮನುಷ್ಯನಿಗೆ ಸ್ಕ್ಯಾನ್ ಉಪಕಾರ ಮಾಡಿದೆ ಎನ್ನಲಾಗದು. ಆ ಉಬ್ಬು ನೋವಿಗೆ ಮೊದಲೂ ಇದ್ದಿರಬಹುದು. 65 ದಾಟಿದ 5,239 ರೋಗಿಗಳನ್ನು ಗಮನಿಸಿ 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಆರಂಭದ ಆರು ವಾರದೊಳಗೆ ಚಿತ್ರ ತೆಗೆಸಿಕೊಂಡವರು ವರ್ಷದ ನಂತರ ಉಳಿದವರಿಗಿಂತ ಉತ್ತಮ ಸ್ಥಿತಿಯಲ್ಲೇನೂ ಇರಲಿಲ್ಲ. ವಯಸ್ಸಾದವರಿಗಾದರೂ ಬೇಗ ಸ್ಕ್ಯಾನ್ ಮಾಡಿಸಬೇಕು ಎಂಬ ವಾದವೂ ಇದರಿಂದ ಸಡಿಲವಾಯಿತು.

ಸ್ಕ್ಯಾನ್ ಬೇಕಾಗುವ ಸಂದರ್ಭಗಳು ಸ್ಪಷ್ಟವಾಗಿವೆ. ಮೇಲೆ ಹೇಳಿದ ಅಪಾಯದ ಲಕ್ಷಣಗಳಿದ್ದರೆ ತಕ್ಷಣ. ಪಾದ ಎತ್ತಲಾಗದಂತೆ ಬಲ ಕುಂದುತ್ತಿದ್ದರೆ ತಕ್ಷಣ. ಕಾಲಿನ ನೋವು ಆರು ವಾರ ಕಳೆದರೂ ಬಗ್ಗದೆ, ಚುಚ್ಚುಮದ್ದು ಅಥವಾ ಶಸ್ತ್ರಚಿಕಿತ್ಸೆಯ ಮಾತು ಬಂದಿದ್ದರೆ ಆಗ. ಸ್ಕ್ಯಾನ್‌ನ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಬದಲಾಗುವುದಿಲ್ಲ ಎಂದಾದರೆ ಅದರ ಅಗತ್ಯವೂ ಇಲ್ಲ. ಸಾದಾ ಎಕ್ಸ್‌ರೇ ಆದರೂ ಇರಲಿ ಎಂಬ ರಾಜಿ ಮಾಡಿಕೊಳ್ಳುವವರಿದ್ದಾರೆ. ಮುರಿತದ ಸಂಶಯವಿಲ್ಲದಿದ್ದರೆ ಅದರಿಂದ ಸಿಗುವುದು ವಿಕಿರಣ ಮಾತ್ರ.

ಕಾಲಿಗೆ ಇಳಿದ ನೋವು

ಸಯಾಟಿಕಾದಲ್ಲಿ ಆಯ್ಕೆಗಳ ಲೆಕ್ಕವೇ ಬೇರೆ. ನರದ ನೋವಿಗೆ ನರದ ಮಾತ್ರೆ ಎಂಬ ತರ್ಕದಿಂದ ಪ್ರಿಗ್ಯಾಬಲಿನ್ ವ್ಯಾಪಕವಾಗಿ ಬಳಕೆಗೆ ಬಂತು. 2017ರ ಪ್ರಯೋಗದಲ್ಲಿ ಎಂಟು ವಾರಗಳ ನಂತರವೂ, ವರ್ಷದ ನಂತರವೂ ಅದು ಹುಸಿ ಮಾತ್ರೆಯನ್ನು ಮೀರಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಿತ್ತು. ಸಯಾಟಿಕಾಗೆ ಈ ವರ್ಗದ ಔಷಧ ಕೊಡಬೇಡಿ ಎಂದು ನೈಸ್ 2020ರಲ್ಲಿ ಹೇಳಿತು. ಈಗಾಗಲೇ ಸೇವಿಸುತ್ತಿರುವವರು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರ ಸಲಹೆಯಂತೆ ಇಳಿಸುತ್ತಾ ಬರಬೇಕು.

ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಕಾಲಿನ ತೀವ್ರ ನೋವನ್ನು ಕೆಲವು ವಾರಗಳ ಮಟ್ಟಿಗೆ ಸ್ವಲ್ಪ ತಗ್ಗಿಸುತ್ತದೆ. ದೀರ್ಘಕಾಲದ ಫಲ ಕಾಣುವುದಿಲ್ಲ. ಸೊಂಟದಲ್ಲಷ್ಟೇ ಇರುವ ನೋವಿಗೆ ಅದು ಸಲ್ಲ.

ಶಸ್ತ್ರಚಿಕಿತ್ಸೆಯೋ ಕಾಯುವುದೋ ಎಂಬುದಕ್ಕೆ ನೆದರ್‌ಲ್ಯಾಂಡ್ಸ್‌ನ 2007ರ ಪ್ರಯೋಗದಷ್ಟು ನೆರವಾಗುವ ಉತ್ತರ ಕಡಿಮೆ. ಆರರಿಂದ ಹನ್ನೆರಡು ವಾರ ತೀವ್ರ ಸಯಾಟಿಕಾ ಅನುಭವಿಸಿದ 283 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಬೇಗನೆ ಶಸ್ತ್ರಚಿಕಿತ್ಸೆ, ಉಳಿದವರಿಗೆ ಕಾದು ನೋಡುವ ಚಿಕಿತ್ಸೆ. ಶಸ್ತ್ರಚಿಕಿತ್ಸೆಯಾದವರ ಕಾಲುನೋವು ಬೇಗ ಇಳಿಯಿತು. ಆದರೆ ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ನೂರಕ್ಕೆ 95 ಮಂದಿ ಗುಣವಾಗಿದ್ದರು. ಕಾದವರಲ್ಲಿ ನೂರಕ್ಕೆ 39 ಮಂದಿ ಕೊನೆಗೆ ಶಸ್ತ್ರಚಿಕಿತ್ಸೆಗೇ ಒಳಗಾದರು ಎಂಬುದನ್ನೂ ಮರೆಮಾಚಬಾರದು. ಅಂದರೆ ಇಲ್ಲಿ ಆಯ್ಕೆ ಗುಣವಾಗುವುದು ಮತ್ತು ಗುಣವಾಗದಿರುವುದರ ನಡುವೆ ಇಲ್ಲ. ಬೇಗ ಬಿಡುಗಡೆ ಮತ್ತು ಕತ್ತಿಯ ಅಪಾಯವಿಲ್ಲದ ನಿಧಾನದ ನಡುವೆ ಇದೆ. ಬಲ ಕುಂದದೆ ನೋವಷ್ಟೇ ಇರುವವರು ತಮ್ಮ ಉದ್ಯೋಗ, ನಿದ್ದೆ, ತಾಳ್ಮೆ ನೋಡಿಕೊಂಡು ಇದನ್ನು ತಾವೇ ತೀರ್ಮಾನಿಸಬಹುದು, ವೈದ್ಯರು ಅವಸರಪಡಿಸಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಬಹುದು. ಜಾರಿದ ಡಿಸ್ಕ್‌ನ ತುಣುಕು ಅನೇಕರಲ್ಲಿ ತಿಂಗಳುಗಳಲ್ಲಿ ತಾನಾಗಿಯೇ ಕುಗ್ಗುತ್ತದೆ ಎಂಬುದು ಕಾಯುವವರಿಗೆ ಧೈರ್ಯ.

ಮೂರು ತಿಂಗಳು ದಾಟಿದ ಮೇಲೆ

ಹನ್ನೆರಡು ವಾರ ಮೀರಿದ ನೋವನ್ನು ದೀರ್ಘಕಾಲದ ನೋವೆನ್ನುತ್ತಾರೆ. ಮೊದಲ ಹಂತದಲ್ಲಿ ಕಾಲವೇ ವೈದ್ಯರ ಕೆಲಸ ಮಾಡಿಕೊಡುತ್ತಿತ್ತು. ಈಗ ಆ ನೆರವಿಲ್ಲ. ಮಾತ್ರೆಯ ಪಾತ್ರ ಇನ್ನೂ ಕಿರಿದಾಗುತ್ತದೆ, ವ್ಯಾಯಾಮ ನಡುಮನೆಗೆ ಬರುತ್ತದೆ.

ಯಾವ ವ್ಯಾಯಾಮ? ಯೋಗ, ಈಜು, ತೂಕ ಎತ್ತುವುದು, ಪಿಲಾಟೆಸ್, ತೈ ಚಿ ಇವುಗಳ ನಡುವೆ ಇರುವ ಅಂತರ ಚಿಕ್ಕದು. ಮೂರು ತಿಂಗಳ ನಂತರವೂ ಬಿಡದೆ ಮಾಡುವಂತಹುದೇ ನಿಮಗೆ ಸರಿಯಾದದ್ದು. ಬೆನ್ನಿನ ಆಳದ ಸ್ನಾಯುವನ್ನೇ ಗುರಿಯಾಗಿಸಿದ ವಿಶೇಷ ಪದ್ಧತಿ ಎಂದು ಯಾರಾದರೂ ದುಬಾರಿ ಕಾರ್ಯಕ್ರಮ ಮಾರಿದರೆ ಅದು ಸಾದಾ ವ್ಯಾಯಾಮಕ್ಕಿಂತ ಎಷ್ಟು ಮೇಲು ಎಂದು ಕೇಳಿ ನೋಡಿ. ಶುರುವಿನಲ್ಲಿ ಸ್ವಲ್ಪ ನೋವು ಹೆಚ್ಚುವುದು ಸಾಮಾನ್ಯ, ಅದು ಹಾನಿಯ ಲಕ್ಷಣವಲ್ಲ. ಇದನ್ನು ಮೊದಲೇ ಹೇಳದ ಕಾರಣಕ್ಕೇ ಅನೇಕರು ಎರಡನೆಯ ವಾರದಲ್ಲಿ ಬಿಟ್ಟುಬಿಡುತ್ತಾರೆ.

ನೋವಿನ ಬಗೆಗಿನ ಭಯ, ನಿದ್ದೆಗೇಡು, ಖಿನ್ನತೆ, ಕೆಲಸಕ್ಕೆ ಮರಳಲಾರೆ ಎಂಬ ನಂಬಿಕೆ ಇವು ನೋವು ಬೇರೂರುತ್ತದೆಯೇ ಎಂಬುದನ್ನು ಸ್ಕ್ಯಾನ್‌ಗಿಂತ ಚೆನ್ನಾಗಿ ಮುನ್ಸೂಚಿಸುತ್ತವೆ. ಬ್ರಿಟನ್ನಿನ ಕೀಲ್ ವಿಶ್ವವಿದ್ಯಾಲಯದವರು ಇದಕ್ಕಾಗಿಯೇ ಒಂಬತ್ತು ಪ್ರಶ್ನೆಗಳ ಸ್ಟಾರ್ಟ್ ಬ್ಯಾಕ್ ಎಂಬ ಪಟ್ಟಿ ರೂಪಿಸಿದರು. ಕಡಿಮೆ ಅಪಾಯದವರಿಗೆ ಸಲಹೆಯಷ್ಟೇ, ಮಧ್ಯಮದವರಿಗೆ ಫಿಸಿಯೋಥೆರಪಿ, ಹೆಚ್ಚಿನವರಿಗೆ ಅದರ ಜೊತೆಗೆ ಮನೋವೈಜ್ಞಾನಿಕ ನೆರವು. 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದು ಫಲ ಕೊಟ್ಟಿತು. ಅಮೆರಿಕದಲ್ಲಿ ನಂತರ ಮಾಡಿದಾಗ ಅದೇ ಲಾಭ ಕಾಣಲಿಲ್ಲ. ಪ್ರಶ್ನಾವಳಿ ಒಂದೇ ಆದರೂ ಅದರ ಹಿಂದಿನ ವ್ಯವಸ್ಥೆ ಬೇರೆಯಾದರೆ ಹೀಗೂ ಆಗುತ್ತದೆ.

ಆಸ್ಟ್ರೇಲಿಯಾದಲ್ಲಿ 492 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಆಶಾದಾಯಕವೆನಿಸಿತು. ತರಬೇತಿ ಪಡೆದ ಫಿಸಿಯೋಥೆರಪಿಸ್ಟ್‌ಗಳು ರೋಗಿಯ ಕಥೆ ಕೇಳಿ, ಆತ ಹೆದರಿ ಬಿಟ್ಟಿದ್ದ ಚಲನೆಗಳನ್ನೇ ಒಂದೊಂದಾಗಿ ಮತ್ತೆ ಮಾಡಿಸಿದರು. ವರ್ಷದ ನಂತರವೂ ಸುಧಾರಣೆ ಉಳಿದಿತ್ತು. ಇಂತಹ ಮನೋವೈಜ್ಞಾನಿಕ ಚಿಕಿತ್ಸೆಯನ್ನು ಸೂಚಿಸಿದರೆ, ನೋವು ನನ್ನ ಕಲ್ಪನೆ ಎನ್ನುತ್ತಿದ್ದಾರೆಯೇ ಎಂದು ನೊಂದುಕೊಳ್ಳಬೇಕಿಲ್ಲ. ನೋವು ನಿಜ, ಅದನ್ನು ಹಿಗ್ಗಿಸುವ ಕುಗ್ಗಿಸುವ ಕೆಲಸದಲ್ಲಿ ಮಿದುಳಿನ ಪಾಲೂ ಇದೆ.

ಅಕ್ಯುಪಂಕ್ಚರ್ ವಿಷಯದಲ್ಲಿ ಮಾರ್ಗಸೂಚಿಗಳೇ ಒಪ್ಪುವುದಿಲ್ಲ. ಅಮೆರಿಕದ ವೈದ್ಯರ ಕಾಲೇಜು ಮತ್ತು 2023ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಾಡಿಸಬಹುದು ಎನ್ನುತ್ತವೆ; ನೈಸ್ ಬೇಡವೆನ್ನುತ್ತದೆ. ಹುಸಿ ಸೂಜಿಗೂ ನಿಜವಾದ ಸೂಜಿಗೂ ಅಂತರ ಕಡಿಮೆ ಎಂಬುದು ನೈಸ್‌ನ ತಕರಾರು. ಹಿತವೆನಿಸಿದರೆ ಅಡ್ಡಿಯಿಲ್ಲ, ಆದರೆ ವ್ಯಾಯಾಮದ ಬದಲಿಗೆ ಅಲ್ಲ. ಮಸಾಜ್ ಮತ್ತು ಹಸ್ತ ಚಿಕಿತ್ಸೆಗೂ ಇದೇ ಮಾತು. ಸೊಂಟದ ಪಟ್ಟಿ, ಎಳೆತದ ಚಿಕಿತ್ಸೆ, ಅಲ್ಟ್ರಾಸೌಂಡ್ ಶಾಖ, ಚರ್ಮದ ಮೇಲಿನ ವಿದ್ಯುತ್ ಪ್ರಚೋದನೆ ಇವು ವಿಶ್ವ ಆರೋಗ್ಯ ಸಂಸ್ಥೆ ಬೇಡವೆಂದ ಪಟ್ಟಿಯಲ್ಲಿವೆ. ಯಂತ್ರದ ಕೆಳಗೆ ಹತ್ತು ದಿನ ಮಲಗಿಸುವುದನ್ನೇ ಫಿಸಿಯೋಥೆರಪಿ ಎಂದು ಕರೆಯುವ ಕಡೆ ಹೋಗುವ ಬದಲು, ಬೆವರು ಬರಿಸುವ ಫಿಸಿಯೋಥೆರಪಿಸ್ಟ್‌ರನ್ನು ಹುಡುಕುವುದು ಮೇಲು. ಹಾಸಿಗೆಯ ಬಗ್ಗೆ ಕೇಳುವವರಿಗೆ ಒಂದು ವಾಕ್ಯ: ದೀರ್ಘಕಾಲದ ನೋವಿನ 313 ಮಂದಿಯಲ್ಲಿ 2003ರಲ್ಲಿ ಪರೀಕ್ಷಿಸಿದಾಗ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಡಸಿನದೇ ಗೆದ್ದಿತು.

ವಾಸಿಯಾದ ಮೇಲೆ

ಸೊಂಟನೋವಿನ ಕೆಟ್ಟ ಗುಣವೆಂದರೆ ಅದು ಮರಳಿ ಬರುವುದು. ಗುಣವಾದವರಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿಗೆ ವರ್ಷದೊಳಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಬೇರೆ ದಾರಿಗಳಿಗೆ ಹೋಲಿಸಿದರೆ ಇಲ್ಲಿ ನಡಿಗೆಯಷ್ಟು ಸರಳವಾದದ್ದು ಕಾಣುವುದಿಲ್ಲ. 2024ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ಇತ್ತೀಚೆಗೆ ಗುಣವಾಗಿದ್ದ 701 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಫಿಸಿಯೋಥೆರಪಿಸ್ಟ್‌ರ ಮಾರ್ಗದರ್ಶನದಲ್ಲಿ ನಡಿಗೆಯ ಯೋಜನೆ ಹಾಕಿಕೊಟ್ಟರು. ಆರು ತಿಂಗಳ ಹೊತ್ತಿಗೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ನಡೆಯುವ ಮಟ್ಟ ತಲುಪುವುದು ಗುರಿ. ಏನೂ ಮಾಡದವರಲ್ಲಿ ದೈನಂದಿನ ಕೆಲಸಕ್ಕೆ ಅಡ್ಡಿಮಾಡುವ ನೋವು ಮರಳಲು ಮಧ್ಯಮ ಲೆಕ್ಕದಲ್ಲಿ 112 ದಿನ ಹಿಡಿದರೆ, ನಡೆದವರಲ್ಲಿ 208 ದಿನ ಹಿಡಿಯಿತು. ಓಟದ ವೇಗ ಬೇಕಿರಲಿಲ್ಲ, ವಿಶೇಷ ಬೂಟು ಬೇಕಿರಲಿಲ್ಲ. ಮೊದಲ ದಿನಗಳಲ್ಲಿ ಹತ್ತು ನಿಮಿಷ ಸಾಕು; ನೋವು ಮತ್ತೆ ಬಂದ ದಿನ ಪೂರ್ತಿ ನಿಲ್ಲಿಸದೆ ದೂರ ಕಡಿಮೆ ಮಾಡಿಕೊಂಡು, ಇಳಿದ ಮೇಲೆ ವಾರಕ್ಕೆ ಕೆಲವು ನಿಮಿಷಗಳಂತೆ ಏರಿಸಿಕೊಂಡು ಹೋಗಬಹುದು.